ಗೌರಿಬಿದನೂರಿನ ಹತ್ತು, ಚಿಂತಾಮಣಿಯ ಹತ್ತು

ನಮ್ಮ ನಡುಮನೆಯ ಗೋಡೆ ಗಡಿಯಾರ ಕಾಲು ಗಂಟೆ ಮುಂದೆ ಓಡುತ್ತದೆ. ಅದೇನೂ ಕೆಟ್ಟಿಲ್ಲ, ನಾನೇ ಹಾಗೆ ತಿರುಗಿಸಿ ಇಟ್ಟಿದ್ದೇನೆ. ಮೊನ್ನೆ ಬಂದಿದ್ದ ಸ್ನೇಹಿತರೊಬ್ಬರು ಮಾತಿನ ನಡುವೆ ಅದರತ್ತ ಕಣ್ಣು ಹಾಯಿಸಿ, "ಅಯ್ಯೋ, ಇಷ್ಟು ಹೊತ್ತಾಗಿಹೋಯ್ತಾ!" ಎಂದು ಅರ್ಧ ಲೋಟ ಕಾಫಿ ಬಿಟ್ಟು ಎದ್ದು ನಿಂತರು. ಒಳಗಿನಿಂದ ನನ್ನ ಹೆಂಡತಿ ರತ್ನ ಕೂಗಿ ಹೇಳಿದಳು: "ಕೂತ್ಕೊಳ್ಳಿ ಸಾರ್, ಅದು ನಮ್ಮ ಯಜಮಾನರ ಟೈಮು. ಊರಿನ ಟೈಮಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ."

ಅವರು ನಕ್ಕು ಕೂತರು. ನಾನು ನಗಲಿಲ್ಲ. ಗಡಿಯಾರ ಮುಂದಿಟ್ಟದ್ದು ಯಾರಿಗಾಗಿ? ರತ್ನ ಬೇಗ ಹೊರಡಲಿ ಎಂದು. ಅವಳಿಗೆ ಈ ಗುಟ್ಟು ತಿಳಿದ ದಿನದಿಂದ ಕಾಲು ಗಂಟೆಯನ್ನು ಮನಸ್ಸಿನಲ್ಲೇ ಕಳೆಯುತ್ತಾಳೆ. ಸುಮ್ಮನೆ ಕಳೆದರೂ ಪರವಾಗಿಲ್ಲ, ಕಳೆಯುವಾಗ ಕೈ ಸ್ವಲ್ಪ ಧಾರಾಳ ಮಾಡುತ್ತಾಳೆ. ಹೀಗಾಗಿ ಗಡಿಯಾರ ಸರಿಯಾಗಿದ್ದ ಕಾಲಕ್ಕಿಂತ ಈಗಲೇ ನಾವು ಎಲ್ಲ ಕಡೆಗೂ ತಡ. ಮದುವೆಯಾಗಿ ಇಷ್ಟು ವರ್ಷಗಳಾದರೂ ನಮ್ಮಿಬ್ಬರ ನಡುವಿನ ಈ ವ್ಯಾಜ್ಯ ತೀರಿಲ್ಲ. ಇದರ ಬೇರು ನಮ್ಮಿಬ್ಬರಲ್ಲಿ ಇಲ್ಲ, ನಾವು ಹುಟ್ಟಿದ ಊರುಗಳಲ್ಲಿದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಊರುಗಳ ಮೇಲೆ ಹೋಗುತ್ತಿದ್ದ ರೈಲುಗಳಲ್ಲಿದೆ.

ನಾನು ಗೌರಿಬಿದನೂರಿನ ಕಡೆಯವನು. ಊರಿಗೆ ಸ್ವಲ್ಪ ಈಚೆಗೆ ನಮ್ಮ ಹಳ್ಳಿ. ಹೊಲದ ಬದುವಿಗೆ ಒತ್ತಿಕೊಂಡೇ ಗುಂತಕಲ್ಲಿನ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿ. ಅಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೆ, ಕೈಗೆ ವಾಚು ಕಟ್ಟಿದವನಲ್ಲ. ಆದರೆ ನಮ್ಮ ಮನೆಯ ಹಗಲೆಲ್ಲ ರೈಲಿನ ಲೆಕ್ಕದಲ್ಲಿ ಸಾಗುತ್ತಿತ್ತು. ಬೆಳಗಿನ ಪ್ಯಾಸೆಂಜರ್ ಹೋಗುವ ಹೊತ್ತಿಗೆ ನಮ್ಮ ತೋಟದ ಬದನೆಕಾಯಿ, ಮೆಣಸಿನಕಾಯಿ ಬುಟ್ಟಿಗಳು ಸ್ಟೇಷನ್ನಿನಲ್ಲಿ ಇರಬೇಕು. ಆ ಗಾಡಿ ಯಾರ ಬದನೆಕಾಯಿಗೂ ನಿಲ್ಲುವುದಿಲ್ಲ. ಒಂದು ದಿನ ತಪ್ಪಿದರೆ ಕಾಯಿ ಬಾಡುತ್ತದೆ, ಬೆಂಗಳೂರಿನ ಮಂಡಿಯವನು ಮೂಗು ಮುರಿಯುತ್ತಾನೆ. ಹಾಗಾಗಿ ಅಪ್ಪನಿಗೆ ರೈಲೆಂದರೆ ಭಯ ಭಕ್ತಿ ಎರಡೂ. ಗಾಡಿ ಬರುವುದಕ್ಕೆ ಒಂದು ಗಂಟೆ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಇದ್ದರೆ ಅದನ್ನು ಅವನು 'ಸರಿಯಾದ ಹೊತ್ತು' ಎನ್ನುತ್ತಿದ್ದ. ಅರ್ಧ ಗಂಟೆ ಮೊದಲು ಬಂದರೆ 'ಓಡೋಡಿ ಬಂದದ್ದು'. ಗಾಡಿಯ ಹೊತ್ತಿಗೆ ಸರಿಯಾಗಿ ಬರುವವರನ್ನು ಕಂಡರೆ, ಮರದ ತುದಿಯಲ್ಲಿ ಕೂತವರನ್ನು ನೋಡಿದ ಹಾಗೆ ನೋಡುತ್ತಿದ್ದ.

"ಇವರು ಏಳನೇ ತಿಂಗಳಿಗೇ ಹುಟ್ಟಿದೋರಂತೆ. ಅಲ್ಲೂ ಕಾಯಕ್ಕಾಗಿಲ್ಲ" ಎಂದು ಅಮ್ಮ ಹೇಳುತ್ತಿದ್ದಳು.

ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ದೊಡ್ಡಬಳ್ಳಾಪುರದ ನೆಂಟರ ಮನೆಯ ಮದುವೆಗೆ ಎಲ್ಲರೂ ಹೊರಟೆವು. ಮಧ್ಯಾಹ್ನದ ಗಾಡಿಗೆಂದು ಹೋದವರು ಎಷ್ಟು ಬೇಗ ಹೋದೆವೆಂದರೆ, ಬೆಳಗಿನ ಗಾಡಿ ಆ ದಿನ ತಡವಾಗಿ ಇನ್ನೂ ಬರುತ್ತಿತ್ತು. ಅಪ್ಪ ಅದಕ್ಕೇ ಹತ್ತಿಸಿದ. ಇಳಿದು ಹೋಗಿ ನೋಡಿದರೆ ಮದುವೆ ಮನೆಯಲ್ಲಿ ಚಪ್ಪರಕ್ಕೆ ಇನ್ನೂ ಗುಳಿ ತೋಡುತ್ತಿದ್ದಾರೆ! ಮದುವೆಯ ಯಜಮಾನರು ಮಣ್ಣು ಕೈಯಲ್ಲೇ ಮುಗಿದು, "ಬಂದದ್ದು ದೇವರು ಬಂದ ಹಾಗಾಯ್ತು" ಎಂದು ಅಪ್ಪನ ಕೈಗೆ ಹಾರೆ ಕೊಟ್ಟರು. ಅಮ್ಮ ಹೊಸ ಸೀರೆ ಬಿಚ್ಚಿಟ್ಟು ಕಾರ ಅರೆಯಲು ಕೂತಳು. ಸಂಜೆ ಬಂದ ನೆಂಟರು ನಮ್ಮ ಅಪ್ಪನನ್ನು ಕೂಲಿಯಾಳು ಎಂದುಕೊಂಡು ಚೊಂಬು ನೀರು ಕೇಳಿದರು. ಅಪ್ಪನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. "ತಡವಾಗಿ ಬಂದಿದ್ರೆ ಮರ್ಯಾದೆ ಹೋಗ್ತಿತ್ತು ಕಣೋ" ಎಂದ.

ಇಂಥ ಮನೆಯಲ್ಲಿ ಬೆಳೆದ ನಾನು ಓದಿ, ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತನ ಕೆಲಸ ಹಿಡಿದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಿಕ್ಕಬಳ್ಳಾಪುರದಲ್ಲಿ ನನ್ನ ಸೋದರತ್ತೆಯ ಮನೆ, ಊಟ ಅಲ್ಲೇ. ಅತ್ತೆಯ ಮಗಳು ಕಮಲ ಟೀಚರ್ ಟ್ರೇನಿಂಗಿಗೆ ಹೋಗುತ್ತಿದ್ದಳು. ಅವಳನ್ನು ನನಗೆ ಕೊಡಬೇಕೆಂದು ಅತ್ತೆಗೆ ಬಹಳ ಆಸೆ. ನನಗೂ ಕಮಲಳಿಗೂ ಆ ಆಸೆ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಜಗಳವಾಡಿ ತಿಂದು ಬೆಳೆದವರು ನಾವು. ಹೇಗೋ ಮಾತು ಹಾರಿಸಿಕೊಂಡು ಬರುತ್ತಿದ್ದಾಗ ಅಪ್ಪನಿಗೆ ಯಾರೋ ಚಿಂತಾಮಣಿಯ ಸಂಬಂಧ ಹೇಳಿದರು. ಹುಡುಗಿಯ ತಂದೆ ಮುನಿಶಾಮಪ್ಪ, ಊರ ಪಕ್ಕದಲ್ಲೇ ಜಮೀನು, ಪೇಟೆಯಲ್ಲಿ ಹುಣಸೆಹಣ್ಣಿನ ಅಂಗಡಿ. 'ಭಾನುವಾರ ಹತ್ತು ಗಂಟೆಗೆ ಹೆಣ್ಣು ನೋಡಲು ಬನ್ನಿ' ಎಂದು ಹೇಳಿಕಳಿಸಿದರು.

ಹತ್ತು ಗಂಟೆ ಎಂದರೆ ನಮ್ಮಪ್ಪನ ಪ್ರಕಾರ ಎಂಟು. ಹಿಂದಿನ ದಿನವೇ ಚಿಕ್ಕಬಳ್ಳಾಪುರಕ್ಕೆ ಬಂದು ಮಲಗಿ, ಮೊದಲನೇ ಬಸ್ಸಿಗೆ ನನ್ನನ್ನು ಹತ್ತಿಸಿಕೊಂಡು ಹೊರಟೇಬಿಟ್ಟ. ನಾವು ಚಿಂತಾಮಣಿಯ ಆ ಬೀದಿಗೆ ಕಾಲಿಟ್ಟಾಗ ಮನೆಗಳ ಮುಂದೆ ಇನ್ನೂ ಸಗಣಿ ನೀರು ಚಿಮುಕಿಸುತ್ತಿದ್ದರು. ಹುಡುಕಿಕೊಂಡು ಹೋದ ಮನೆಯ ಬಾಗಿಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆದರಿದ ಜಡೆ ಹಿಂದಕ್ಕೆಸೆದು, ಒಬ್ಬಳು ಹುಡುಗಿ ಪೊರಕೆ ಹಿಡಿದು ನಿಂತಿದ್ದಳು.

"ಯಾರು ಬೇಕಾಗಿತ್ತು?" ಎಂದಳು.

ಅಪ್ಪ ಗಂಟಲು ಸರಿಮಾಡಿಕೊಂಡು, "ಗೌರಿಬಿದನೂರಿನಿಂದ ಬಂದಿದೀವಮ್ಮ. ಹೆಣ್ಣು ನೋಡೋದಕ್ಕೆ" ಎಂದ.

ಹುಡುಗಿ ಒಂದು ಕ್ಷಣ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯಲ್ಲಿದ್ದ ಪೊರಕೆಯನ್ನು ನೋಡಿಕೊಂಡಳು.

"ಹೆಣ್ಣು ಇನ್ನೂ ಸ್ನಾನ ಮಾಡಿಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ನೀವೇ ಹೇಳಿ, ಇಂಥ ಹುಡುಗಿಯನ್ನು ಬಿಟ್ಟು ಬರುವುದು ಸಾಧ್ಯವೇ? ಹೆಣ್ಣು ನೋಡುವ ಶಾಸ್ತ್ರ ನನ್ನ ಮಟ್ಟಿಗೆ ಆ ಹೊಸ್ತಿಲಲ್ಲೇ ಮುಗಿದುಹೋಯಿತು. ಆಮೇಲೆ ಒಳಗೆ ಏನೇನೋ ಪಾತ್ರೆ ಉರುಳಿದ ಸದ್ದು, ಓಡಾಟ, ಪಿಸುಮಾತು. ಬಾಗಿಲು ತೆಗೆದವರು ಮುನಿಶಾಮಪ್ಪನವರೇ. ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು, ಒಂದು ಪಂಚೆ ತುಂಡು ಸುತ್ತಿಕೊಂಡು, ದೇವರ ವಿಗ್ರಹದ ಹಾಗೆ ಹೊಳೆಯುತ್ತಿದ್ದರು.

"ಬನ್ನಿ, ಬನ್ನಿ, ರಂಡಿ ಲೋಪಲಿಕಿ!" ಎಂದು ಕನ್ನಡ ತೆಲುಗು ಎರಡರಲ್ಲೂ ಸ್ವಾಗತಿಸಿ, ಆಗಲೇ ಹತ್ತಾಗಿದೆ ಎಂದುಕೊಂಡು ನಗುತ್ತಾ ಕೇಳಿದರು: "ಹತ್ತು ಅಂದ್ರೆ ಹತ್ತಕ್ಕೇ ಅಂತ ತಿಳ್ಕೊಂಡ್ಬಿಟ್ರಾ ಬೀಗರೇ?"

ಇನ್ನೂ ಹೆಣ್ಣನ್ನೇ ತೋರಿಸಿರಲಿಲ್ಲ, ಆಗಲೇ ಬೀಗರು ಎಂದುಬಿಟ್ಟರು! ಒಟ್ಟಿನಲ್ಲಿ ಚಿಂತಾಮಣಿಯ ಹತ್ತು ಗಂಟೆ ಆದಾಗ ಸೂರ್ಯ ನೆತ್ತಿಯ ಮೇಲಿದ್ದ. ರತ್ನ ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿ, ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ನನಗೆ ಪೊರಕೆ ನೆನಪಾಗಿ ನಗು ಬಂತು. ಅವಳಿಗೂ ಬಂದಿರಬೇಕು, ತಟ್ಟೆ ಗಡಗಡ ಎಂದಿತು. ವಾಪಸ್ಸು ಬರುವ ಹಾದಿಯಲ್ಲಿ ಅಪ್ಪ, "ಒಳ್ಳೇ ಜನ, ಒಳ್ಳೇ ಜನ" ಎಂದು ಎರಡು ಸಲ ಹೇಳಿ, ಮೂರನೇ ಸಲಕ್ಕೆ, "ಹೊತ್ತಿನ ಮೇಲೆ ನಿಗಾ ಇಲ್ಲ ಅನ್ನೋದು ಬಿಟ್ರೆ" ಎಂದು ಸೇರಿಸಿದ.

ಅವರಿಗೆ ನಿಗಾ ಹೇಗೆ ಬರಬೇಕು? ಅವರ ಊರಿನ ರೈಲು ಬೇರೆ ಜಾತಿಯದು. ಕೋಲಾರದ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದ ಆ ಪುಟ್ಟ ಹಳಿಯ ಗಾಡಿಯನ್ನು ನೀವು ನೋಡಿರಬೇಕಿತ್ತು. ದಾಪುಗಾಲು ಹಾಕಿದವನು ಅದನ್ನು ಹಿಂದೆ ಬಿಟ್ಟು ಹೋಗಬಹುದು. ಯಾರಾದರೂ ದೂರದಿಂದ ಟವಲು ಬೀಸಿದರೆ ಗಾರ್ಡು ಕಾಯುತ್ತಿದ್ದ. ಬೀಸಿದವರು ಪರಿಚಯದವರಾದರೆ ಇಳಿದುಬಂದು ಗಂಟು ಎತ್ತಿಕೊಡುತ್ತಿದ್ದ. "ನಮ್ಮನ್ನ ಬಿಟ್ಟು ಅದು ಎಲ್ಲಿಗೆ ಹೋಗ್ತದೆ?" ಎಂದು ಮುನಿಶಾಮಪ್ಪನವರು ಕೇಳುತ್ತಿದ್ದರು. ಆ ಊರಿನಲ್ಲಿ 'ಈಗ ಬಂದೆ' ಎಂಬ ಮಾತನ್ನು ಮೂರು ಭಾಷೆಗಳಲ್ಲಿ ಹೇಳುತ್ತಿದ್ದರು, ಮೂರಕ್ಕೂ ಅರ್ಥ ಬೇರೆ. ಕನ್ನಡದ 'ಇದೋ ಬಂದೆ' ಎಂದರೆ ಅರ್ಧ ಗಂಟೆ. ತೆಲುಗಿನ 'ಇದಿಗೋ ವಚ್ಚೇಸ್ತಾ' ಎಂದರೆ ಊಟವಾದ ಮೇಲೆ. ಪಕ್ಕದ ಮನೆಯ ಪಾಷಾ ಸಾಹೇಬರ 'ಅಬ್ಬೀಚ್ ಆತೂಂ' ಎಂಬುದಕ್ಕೆ ಇಂಥದ್ದೇ ಎಂಬ ಕಟ್ಟುಪಾಡಿಲ್ಲ, ಇವತ್ತೇ ಬಂದರೆ ನಮ್ಮ ಪುಣ್ಯ. ಯಾರಿಗೂ ಯಾರ ಮೇಲೂ ಕೋಪವಿಲ್ಲ. ಕಾಯುವವನು ಜಗಲಿಯ ಮೇಲೆ ಕೂತು ಇನ್ನೊಬ್ಬನ ಜೊತೆ ಮಾತಿಗಿಳಿಯುತ್ತಾನೆ, ಬರಬೇಕಾದವನು ಬಂದಾಗ 'ಯಾಕಿಷ್ಟು ಬೇಗ ಬಂದ' ಎನ್ನಿಸುವಷ್ಟು ಮಾತು ಬೆಳೆದಿರುತ್ತದೆ.

ಮದುವೆ ಗೊತ್ತಾಯಿತು. ನಮ್ಮ ಕಡೆ ಹೆಣ್ಣನ್ನು ಕರೆಸಿಕೊಂಡು ಗಂಡಿನವರೇ ಮದುವೆ ಮಾಡುವ ಪದ್ಧತಿ. ಹಳ್ಳಿಯಲ್ಲೇ ಮಾಡಬಹುದಿತ್ತು. ಆದರೆ ಚಿಂತಾಮಣಿಯವರನ್ನು ರೈಲು ಇಳಿಸಿ, ಬಸ್ಸು ಹತ್ತಿಸಿ, ಗೌರಿಬಿದನೂರಿಗೆ ಮುಟ್ಟಿಸುವುದು ಆಗದ ಹೋಗದ ಕೆಲಸವೆಂದು ಅಪ್ಪ ಯೋಚಿಸಿ, ಚಿಕ್ಕಬಳ್ಳಾಪುರದಲ್ಲಿ ಒಂದು ಛತ್ರ ಹಿಡಿದ. "ಒಂದೇ ಗಾಡಿ. ಹತ್ತೋದು, ಇಳಿಯೋದು. ಇದರಲ್ಲಿ ತಪ್ಪೋಕೆ ಏನಿದೆ?" ಎಂದ.

ಹೆಣ್ಣಿನವರು ಹಿಂದಿನ ದಿನ ಸಾಯಂಕಾಲದ ಗಾಡಿಗೆ ಬರಬೇಕಿತ್ತು. ಸಾಯಂಕಾಲ ಬಂದದ್ದು ಚಿಂತಾಮಣಿ ಬಸ್ಸಿನ ಕಂಡಕ್ಟರು. ಛತ್ರದ ಬಾಗಿಲಲ್ಲಿ ನಿಂತು, "ಮುನಿಶಾಮಪ್ಪನೋರು ಹೇಳಿಕಳಿಸವ್ರೆ. ಇವತ್ತು ಆಗಲಿಲ್ವಂತೆ, ಬೆಳಿಗ್ಗೆ ಗಾಡಿಗೆ ಬರ್ತಾರಂತೆ. ಯೋಚನೆ ಮಾಡಬಾರದಂತೆ" ಎಂದು ಒಪ್ಪಿಸಿ ಹೋದ. ಯೋಚನೆ ಮಾಡಬಾರದಂತೆ! ಅಪ್ಪ ಕಂಬಕ್ಕೊರಗಿ ಕೂತವನು ಬೆಳಗಾಗುವವರೆಗೂ ಮಲಗಲಿಲ್ಲವೆಂದು ಆಮೇಲೆ ಅಮ್ಮ ಹೇಳಿದಳು.

ಬೆಳಿಗ್ಗೆ ನನ್ನನ್ನು ಕೂರಿಸಿ ಎಣ್ಣೆ ನೀರು ಹಾಕಿ, ಬಾಸಿಂಗ ಕಟ್ಟುವ ಹೊತ್ತಿಗೆ ಅಪ್ಪ ವಾಲಗದವರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೊರಟಿದ್ದ. ಹೆಣ್ಣು ಇಳಿದ ಕೂಡಲೇ ವಾಲಗ ಊದಿಸಿಕೊಂಡು ಮೆರವಣಿಗೆಯಲ್ಲಿ ತರಬೇಕೆಂದು ಅವನ ಏರ್ಪಾಡು. ನಾನು ಹಸೆಯ ಪಕ್ಕದ ಕೋಣೆಯಲ್ಲಿ ಕೂತು ಕಿವಿ ನಿಮಿರಿಸಿಕೊಂಡಿದ್ದೆ. ಗಾಡಿ ಕೂಗಿದ್ದು ಕೇಳಿಸಿತು. ಎಂದೂ ಇಲ್ಲದ ಹಾಗೆ ಅಂದು ಹೊತ್ತಿಗೆ ಸರಿಯಾಗಿ ಬಂದಿತ್ತು. ನನ್ನ ಎದೆ ಹಗುರವಾಯಿತು. ಇನ್ನೇನು ವಾಲಗ ಶುರುವಾಗಬೇಕು ಎಂದು ಕಾದೆ.

ವಾಲಗ ಕೇಳಿಸಲಿಲ್ಲ. ತುಂಬ ಹೊತ್ತಾದ ಮೇಲೆ ವಾಲಗದವರು ವಾದ್ಯಗಳನ್ನು ಕಂಕುಳಲ್ಲಿ ಇರುಕಿಕೊಂಡು, ಊದದೆ, ತೆಪ್ಪಗೆ ಛತ್ರದೊಳಗೆ ಬಂದರು. ಅವರ ಹಿಂದೆ ಅಪ್ಪ.

"ಗಾಡಿ ಬಂತು" ಎಂದ ಅಪ್ಪ, ಯಾರನ್ನೂ ನೋಡದೆ. "ಅವರು ಬರಲಿಲ್ಲ."

ಛತ್ರದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಹೆಣ್ಣಿಗೆ ಮನಸ್ಸಿಲ್ಲವೇನೋ ಎಂದರು ಒಬ್ಬರು. ಬೇರೆ ಕಡೆ ಮಾತಾಗಿದೆಯೇನೋ ಎಂದರು ಇನ್ನೊಬ್ಬರು. ಮುಂದಿನ ಬಸ್ಸು ಬರುವುದು ಮುಹೂರ್ತ ಮುಗಿದ ಮೇಲೆ. ಫೋನಿನ ಮಾತು ಆ ಕಾಲಕ್ಕೆ ದೂರ. ಪುರೋಹಿತರು ಹಸೆಯ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಂಡು, ಬಾಗಿಲನ್ನೊಮ್ಮೆ ನೆರಳನ್ನೊಮ್ಮೆ ನೋಡುತ್ತಿದ್ದರು. ನಾನು ಬಾಸಿಂಗ ಕಟ್ಟಿಕೊಂಡು ಕೂತಿದ್ದೆ. ಬಾಸಿಂಗ ಕಟ್ಟಿದವನ ಮುಖ ಯಾರಿಗೂ ಕಾಣದಿರುವುದು ಎಷ್ಟು ದೊಡ್ಡ ಉಪಕಾರವೆಂದು ಅವತ್ತು ತಿಳಿಯಿತು.

ಆಗ ಸೋದರತ್ತೆ ಮುಂದೆ ಬಂದಳು. ಅವಳು ಕೆಟ್ಟವಳಲ್ಲ. ನನಗೆ ವರ್ಷಗಟ್ಟಲೆ ಅನ್ನ ಹಾಕಿದವಳು. ಮನಸ್ಸಿನಲ್ಲಿದ್ದದ್ದನ್ನು ಎಲ್ಲರ ಮುಂದೆ ಹೇಳಿಬಿಡುವವಳು, ಅಷ್ಟೆ.

"ಅಣ್ಣಯ್ಯ, ಸುತ್ತೂ ಕಡೆಯಿಂದ ನೆಂಟರು ಬಂದವ್ರೆ. ಅಡುಗೆ ಆಗ್ತಾ ಇದೆ. ಮುಹೂರ್ತ ಕೆಟ್ಟರೆ ನಾಳೆ ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ತೀಯ? ನಮ್ಮ ಕಮಲ ಇಲ್ಲೇ ಇದಾಳೆ. ಸೀರೆ ಉಟ್ಟಿದಾಳೆ, ಹೂವ ಮುಡಿದಿದಾಳೆ. ಇದೇ ಹಸೆ ಮೇಲೆ ಕೂರಿಸಣ. ದೇವರು ಮಾಡಿಸಿದ ಹಾಗಿದೆ."

ನೆಂಟರಲ್ಲಿ ನಾಲ್ಕು ಜನ 'ಹೌದಲ್ವಾ' ಎಂದರು. ಆ ಕಾಲದಲ್ಲಿ ಇದೇನೂ ನಡೆಯದ ಸಂಗತಿಯಲ್ಲ. ಹಾಗೆ ಹಸೆ ಬದಲಾಗಿ ಮದುವೆಯಾದವರನ್ನು ನಾನೇ ಬಲ್ಲೆ. ಅಷ್ಟರಲ್ಲಿ ಕಿಟಕಿಯ ಹಿಂದಿನಿಂದ ಕಮಲಳ ಪಿಸುದನಿ ಕೇಳಿಸಿತು.

"ಬಾವ, ನೀನೇನಾದ್ರೂ ಹೂಂ ಅಂದ್ಯೋ, ನಾನು ಮೈಮೇಲೆ ದೇವರು ಬಂದೋಳ ಹಾಗೆ ಕುಣಿದುಬಿಡ್ತೀನಿ. ನನ್ನ ಪರೀಕ್ಷೆ ಇದೆ ಮುಂದಿನ ತಿಂಗಳು."

"ನಾನೆಲ್ಲೇ ಹೂಂ ಅಂದೆ?" ಎಂದೆ.

"ಅನ್ನಲಿಲ್ಲ. ಆದ್ರೆ ಊಹೂಂ ಅಂತಲೂ ಅನ್ನಲಿಲ್ವಲ್ಲ! ಬಾಯಿ ಬಿಡೋ!"

ಅಲ್ಲಿಯವರೆಗೆ ಅಪ್ಪನ ಎದುರು ನಿಂತು ನಾನು ಮಾತಾಡಿದವನಲ್ಲ. ಅವನು ಹೊರಡು ಎಂದರೆ ಹೊರಡುವುದು, ಹತ್ತು ಎಂದರೆ ಹತ್ತುವುದು. ಅವತ್ತು ಎದ್ದು ನಿಂತೆ. ಬಾಸಿಂಗ ಒಂದು ಕಡೆ ವಾಲಿತ್ತು. "ಅಪ್ಪ, ನಾನು ಕಾಯ್ತೀನಿ" ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಹೊರಟದ್ದು ಅಷ್ಟೇ.

ಎಲ್ಲರೂ ಅಪ್ಪನ ಕಡೆ ನೋಡಿದರು. ಜನ್ಮದಲ್ಲಿ ಒಂದು ಗಾಡಿ ತಪ್ಪಿಸಿಕೊಳ್ಳದವನು. ತಡವಾಗಿ ಬಂದ ಆಳನ್ನು ಅವತ್ತಿಗೆ ಕೆಲಸಕ್ಕೆ ಇಟ್ಟುಕೊಳ್ಳದವನು. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡೆ.

ಅಪ್ಪ ತಂಗಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. "ನೋಡಮ್ಮ, ನಮ್ಮ ಗಾಡಿ ತಡ ಆಯ್ತು ಅಂತ, ಬಂದ ಗಾಡಿ ಹತ್ತಕ್ಕಾಗತ್ತಾ? ಅದು ಬೇರೆ ಊರಿಗೆ ಹೋಗ್ತದೆ. ನಮ್ಮ ಕಮಲ ಓದ್ತಾ ಇದಾಳೆ, ಅವಳ ಊರು ಬೇರೆ ಇದೆ. ಆ ಹುಡುಗಿಗೆ ನಾನು ಮಾತು ಕೊಟ್ಟಿದೀನಿ. ಕಾಯಣ."

"ಎಷ್ಟೊತ್ತು?" ಎಂದಳು ಅತ್ತೆ.

"ಬರೋವರೆಗೂ."

ಅತ್ತೆ ಕಣ್ಣೊರೆಸಿಕೊಂಡು ಅಡುಗೆಮನೆ ಕಡೆ ಹೋದಳು. ಅಪ್ಪ ಹೊರಗೆ ಹೋಗಿ ಶಿಡ್ಲಘಟ್ಟದ ಹಾದಿ ಕಾಣುವ ಕಡೆ ನಿಂತ. ನಾನೂ ಅವನ ಪಕ್ಕದಲ್ಲಿ ಹೋಗಿ ನಿಂತೆ. ಮದುವೆಯ ಗಂಡು ಹೀಗೆ ಬೀದಿಗೆ ಬರಬಾರದೆಂದು ಯಾರೋ ಒಳಗಿನಿಂದ ಕೂಗಿದರು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ಹೊತ್ತು ಅಪ್ಪನ ಪಕ್ಕದಲ್ಲಿ ಏನೂ ಮಾಡದೆ ನಿಂತದ್ದು ನನ್ನ ಜೀವಮಾನದಲ್ಲೇ ಮೊದಲು. ಅವನು ಒಂದೇ ಒಂದು ಸಲ ಬಾಯಿಬಿಟ್ಟ. "ಆ ಹುಡುಗಿ ಅವತ್ತು ಬಾಗಿಲು ಹಾಕ್ಕೊಂಡಾಗಲೇ ನಂಗೆ ಹಿಡಿಸಿಬಿಟ್ಟಳು ಕಣೋ" ಎಂದ. ಮುಹೂರ್ತ ನಮ್ಮ ಕಣ್ಣೆದುರಿಗೇ ಕಳೆದುಹೋಯಿತು.

ಬಿಸಿಲು ಏರಿದ ಮೇಲೆ, ದೂರದಲ್ಲಿ ಧೂಳೆದ್ದಿತು. ಒಂದು ಲಾರಿ. ಹಾರನ್ ಬಿಡದೆ ಒತ್ತುತ್ತಾ ಬರುತ್ತಿತ್ತು. ಹಿಂದುಗಡೆ ಮೂಟೆಗಳು, ಮೂಟೆಗಳ ನಡುವೆ ಪೇಟಗಳು, ಸೆರಗುಗಳು, ಹಿಡಿದುಕೊಂಡ ಕಳಶ, ಮಕ್ಕಳು. ಲಾರಿ ಪೂರಾ ನಿಲ್ಲುವ ಮೊದಲೇ ಮುನಿಶಾಮಪ್ಪನವರು ಧುಮುಕಿದರು. ನಮ್ಮ ಕಾಲಿಗೆ ಬೀಳುತ್ತಾರೆಂದುಕೊಂಡರೆ, ಅವರು ಬೆಂಕಿಯಂಥ ಕೋಪದಲ್ಲಿದ್ದರು.

"ನೋಡಿದ್ರಾ ಬೀಗರೇ ಈ ಅನ್ಯಾಯಾನ! ಟೈಮಿಗೆ ಸರಿಯಾಗಿ ಬಿಟ್ಟುಬಿಟ್ನಲ್ಲ ಗಾಡೀನ! ಯಾರೋ ಹೊಸ ಗಾರ್ಡಂತೆ. ನಾವು ಟವಲು ಬೀಸ್ತಾ ಇದೀವಿ, ಕೂಗ್ತಾ ಇದೀವಿ, ತಿರುಗಿ ಕೂಡ ನೋಡ್ಲಿಲ್ಲ. ಏಮಿ ಕಾಲಮು ವಚ್ಚಿಂದಿರಾ ದೇವುಡಾ! ಮದುವೆ ಹೆಣ್ಣನ್ನ ಬಿಟ್ಟು ಹೋಗೋದು ಎಲ್ಲಾದ್ರೂ ಉಂಟಾ?"

ಅಪ್ಪ ಅವರನ್ನೇ ನೋಡುತ್ತಾ ನಿಂತ. ಅವನ ಮೀಸೆಯ ತುದಿ ಅದುರಿತು. ಕೋಪ ಎಂದುಕೊಂಡೆ. ಆಮೇಲೆ ಹೊಟ್ಟೆ ಅದುರಿತು. ಆಮೇಲೆ ಅಪ್ಪ ಬೀದಿಯಲ್ಲಿ ನಿಂತು, ಹೆಗಲ ವಸ್ತ್ರ ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅವನು ಹಾಗೆ ನಗಬಲ್ಲನೆಂದು ಅಮ್ಮನಿಗೂ ಗೊತ್ತಿರಲಿಲ್ಲ.

ಲಾರಿ ಪಾಷಾ ಸಾಹೇಬರದು. ಅವರು ರೇಷ್ಮೆಗೂಡಿನ ವ್ಯಾಪಾರಿ. ಶಿಡ್ಲಘಟ್ಟಕ್ಕೆ ಗೂಡು ಹೊರಡಿಸಿದ್ದವರು, ಸ್ಟೇಷನ್ನಿನ ಮುಂದೆ ಅಳುತ್ತಾ ನಿಂತಿದ್ದ ನೆರೆಮನೆಯವರನ್ನು ಕಂಡು ಮೂಟೆಗಳ ನಡುವೆಯೇ ಹತ್ತಿಸಿಕೊಂಡಿದ್ದರು. ಹಾದಿಯಲ್ಲಿ ಟೈರು ಬೇರೆ ಕೈಕೊಟ್ಟಿತ್ತು. ಗೂಡು ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಬಂದರೆ ಮುಗಿಯಿತು, ನೂಲು ಬರುವುದಿಲ್ಲ. ಆದರೂ ಶಿಡ್ಲಘಟ್ಟದಲ್ಲಿ ನಿಲ್ಲಿಸದೆ ನೇರ ಚಿಕ್ಕಬಳ್ಳಾಪುರಕ್ಕೆ ಬಿಟ್ಟಿದ್ದರು. ಅಪ್ಪ ಅವರ ಕೈ ಹಿಡಿದುಕೊಂಡು, "ಊಟ ಮಾಡದೆ ಹೋಗಬಾರದು" ಎಂದ.

"ಗೂಡು ಇಳಿಸಿ ಬರ್ತೀನಿ ಸಾಬ್. ಅಬ್ಬೀಚ್ ಆತೂಂ" ಎಂದರು ಅವರು. ಅಪ್ಪ ಒಳ್ಳೆಯದೆಂದ. ನಾನು ಮಾತ್ರ ಮನಸ್ಸಿನಲ್ಲೇ ಅವರ ಎಲೆ ಎತ್ತಿಸಿಬಿಟ್ಟೆ. ಆದರೆ ನೋಡಿ, ನನ್ನ ಲೆಕ್ಕ ತಪ್ಪಿತು. ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಬಿಳೀ ಜುಬ್ಬ ಹಾಕಿಕೊಂಡು, ಅತ್ತರು ಪೂಸಿಕೊಂಡು ಬಂದುಬಿಟ್ಟಿದ್ದರು.

ಲಾರಿಯಿಂದ ಕೊನೆಗೆ ಇಳಿದವಳು ರತ್ನ. ಕೂದಲಿಗೆ, ಸೀರೆಯ ಅಂಚಿಗೆ, ಹುಬ್ಬಿಗೆ ಕೂಡ ಗೂಡಿನ ಬಿಳಿಯ ನವಿರೆಳೆ ಮೆತ್ತಿಕೊಂಡಿತ್ತು. ಅತ್ತೂ ಅತ್ತೂ ಕಣ್ಣು ಊದಿತ್ತು. ಬೀದಿಯಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನನ್ನನ್ನು ನೋಡಿ ದಿಗಿಲಾಗಿ ಅಲ್ಲೇ ನಿಂತಳು.

"ಹೊತ್ತು ಮೀರಿಹೋಯ್ತಾ?" ಎಂದಳು. ನಿಜಕ್ಕೂ ನನ್ನನ್ನೇ ಕೇಳಿದಳು.

ನನಗೆ ಏನೂ ತೋಚಲಿಲ್ಲ. "ಇಲ್ಲ, ಗಂಡು ಈಗ ತಾನೆ ಸ್ನಾನ ಮಾಡ್ತು" ಎಂದೆ.

ಅಷ್ಟು ಅಳುವಿನ ನಡುವೆಯೂ ಅವಳ ತುಟಿ ಬಿಚ್ಚಿತು. ನನ್ನ ಎದೆಯ ಮೇಲಿಂದ ಬೀಸುವ ಕಲ್ಲು ಯಾರೋ ಇಳಿಸಿದ ಹಾಗಾಯಿತು.

ಪುರೋಹಿತರು ಬಾಗಿಲಿಗೇ ಬಂದು, "ಸೂರ್ಯ ನೆತ್ತಿಗೆ ಬರ್ತಿದಾನೆ. ಅಭಿಜಿನ್ ಮುಹೂರ್ತ, ಇದಕ್ಕೆ ಯಾವ ದೋಷವೂ ತಟ್ಟಲ್ಲ. ಬನ್ನಿ ಬನ್ನಿ" ಎಂದು ಅವಸರ ಮಾಡಿದರು. ಮುನಿಶಾಮಪ್ಪನವರು ಪಂಚೆಯ ಧೂಳು ಕೊಡವುತ್ತಾ, "ಒಂದು ಲೋಟ ಕಾಫಿ ಕುಡಿದು ಶುರು ಮಾಡಣವಾ?" ಎಂದರು. "ತಾಳಿ ಕಟ್ಟಿದ ಮೇಲೆ!" ಎಂದು ಇಡೀ ಛತ್ರವೇ ಕೂಗಿತು. ವಾಲಗದವರು ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರನ್ನೆಲ್ಲ ಒಂದೇ ಸಲ ಊದಿದರು. ಅಕ್ಷತೆ ಹಾಕುವಾಗ ನನ್ನ ತಲೆಗೆ ಎಲ್ಲರಿಗಿಂತ ಜೋರಾಗಿ ಹೊಡೆದವಳು ಕಮಲ. ಅವಳ ಖುಷಿ ನನ್ನದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಅತ್ತೆ ಸ್ವಲ್ಪ ದಿನ ನನಗೆ ಬಡಿಸುವಾಗ ಸೌಟು ಸದ್ದು ಮಾಡಿದಳು. ಕಮಲ ಪಾಸಾಗಿ ಕೆಲಸಕ್ಕೆ ಸೇರಿದ ಮೇಲೆ ಅದೂ ನಿಂತಿತು.

ಆಷಾಢಕ್ಕೆ ರತ್ನ ತವರಿಗೆ ಹೋದಳು. ಶ್ರಾವಣ ಬಂದ ಕೂಡಲೇ ಅವಳನ್ನು ಕರೆತರಲು ಅಪ್ಪನೂ ನಾನೂ ಚಿಂತಾಮಣಿಗೆ ಹೋದೆವು. ಮಧ್ಯಾಹ್ನದ ಗಾಡಿಗೆ ವಾಪಸ್ಸು ಹೊರಡುವುದೆಂದು ಅಪ್ಪ ಮೊದಲೇ ಹೇಳಿಕಳಿಸಿದ್ದ. ಮದುವೆಯ ದಿನದ ಹೆದರಿಕೆ ಇನ್ನೂ ಮಾಸಿರಲಿಲ್ಲವೆಂದು ಕಾಣುತ್ತದೆ, ಮುನಿಶಾಮಪ್ಪನವರು ಎಲ್ಲವನ್ನೂ ಹೊತ್ತಿಗೆ ಮೊದಲೇ ಸಿದ್ಧಮಾಡಿದ್ದರು. ರತ್ನಳ ತಾಯಿ ಹೋಳಿಗೆ ಊಟ ಬೇಗ ಬಡಿಸಿದರು. ರತ್ನಳ ಟ್ರಂಕು ಬಾಗಿಲಿಗೆ ಬಂತು. ಜಟಕಾ ಬಂದು ಮನೆಯ ಮುಂದೆ ನಿಂತಿತು. ಮಾವನವರು ಅದರ ಪಕ್ಕದಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಬಹಳ ಹೆಮ್ಮೆಯಿಂದ ನಿಂತಿದ್ದರು.

ಅಪ್ಪ ಜಗಲಿಯ ಮೇಲೆ ಮಲಗಿದ್ದ. "ಒಂದು ಗಳಿಗೆ ಬೆನ್ನು ಚಾಚ್ತೀನಿ" ಎಂದವನು ಹಾಗೇ ನಿದ್ದೆ ಹೋಗಿದ್ದ. ಮೋಡ ಕವಿದು ತಂಪು ಗಾಳಿ ಬರುತ್ತಿತ್ತು. ಹೆಗಲ ವಸ್ತ್ರ ತಲೆಯಡಿ ಮಡಿಸಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈ ಜಗಲಿಯಿಂದ ಕೆಳಗೆ ಜೋಲುಬಿಟ್ಟು ಮಲಗಿದ್ದ.

"ಎಬ್ಬಿಸಪ್ಪ, ಗಾಡಿ ಹೊತ್ತಾಯ್ತು" ಎಂದರು ಮಾವ, ಜೀವಮಾನದಲ್ಲಿ ಮೊದಲನೇ ಸಲ ಆ ಮಾತು ಆಡುತ್ತಾ.

ನಾನು ಕೈಚೀಲ ಹಿಡಿದು ಹತ್ತಿರ ಹೋದೆ. ಹೋದವನು ನಿಂತುಬಿಟ್ಟೆ. ಅಪ್ಪ ಹಗಲು ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ರಾತ್ರಿ ಕೂಡ ಅವನದು ಕೋಳಿನಿದ್ದೆ, ಎಲ್ಲೋ ದೂರದಲ್ಲಿ ಎಂಜಿನ್ನು ಕೂಗಿದರೆ ಎದ್ದು ಕೂರುತ್ತಿದ್ದ. ರತ್ನ ಹಿಂದಿನಿಂದ ಬಂದು ನನ್ನ ತೋಳು ಮುಟ್ಟಿದಳು.

"ಮಲಗ್ಲಿ ಬಿಡಿ" ಎಂದಳು. "ಎಷ್ಟು ದಿನದ ನಿದ್ದೆಯೋ ಏನೋ."

ಮಾವನವರು ಒಂದು ಸಲ ಜಟಕಾದವನ ಮುಖ ನೋಡಿ, ಒಂದು ಸಲ ಜಗಲಿ ನೋಡಿ, ಮೆಲ್ಲಗೆ ಚಪ್ಪಲಿ ಕಳಚಿದರು. ಜಟಕಾದವನು ಕುದುರೆಗೆ ಹುಲ್ಲು ಬಿಚ್ಚಿದ. ಸ್ವಲ್ಪ ಹೊತ್ತಿಗೆಲ್ಲ ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗಿತು. ಅಪ್ಪ ಕಣ್ಣು ಬಿಟ್ಟ. ಆದರೆ ಎದ್ದು ಕೂರಲಿಲ್ಲ. ಆ ಸದ್ದು ಶಿಡ್ಲಘಟ್ಟದ ಕಡೆ ಸಣ್ಣಗಾಗುತ್ತಾ ಹೋಗುವುದನ್ನು ಮಲಗಿದಲ್ಲಿಂದಲೇ ಕೇಳಿಸಿಕೊಂಡ.

"ಹೊರಟೋಯ್ತೇನೋ?" ಎಂದ.

"ಹೂಂ ಅಪ್ಪ. ಹೊರಟೋಯ್ತು."

ನಾನು ಬೈಗುಳಕ್ಕೆ ಕಾಯುತ್ತಾ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಹೋಗ್ಲಿ ಬಿಡು" ಎಂದು ಅಪ್ಪ ಗೋಡೆಯ ಕಡೆ ಮಗ್ಗುಲಾದ. ನಾನು ಕೈಚೀಲವನ್ನು ಕೆಳಗಿಟ್ಟೆ.